ಸ್ಥಾಯಿ ನೆನಪಿದೆ, ಅಂತರಾ ಮರೆತಿದ್ದೇವೆ

ಹಾಡಿನ ಮಟ್ಟು ನೆನಪಿರುತ್ತದೆ, ಹಾಡು ನೆನಪಿರುವುದಿಲ್ಲ. ಎಂದೋ ರೇಡಿಯೋದಲ್ಲಿ ಕೇಳಿದ್ದು, ಯಾರದೋ ಮನೆಯ ಕ್ಯಾಸೆಟ್ಟಿನಿಂದ ಅರ್ಧ ಕಿವಿಗೆ ಬಿದ್ದದ್ದು, ಯಾವುದೋ ಸಿನಿಮಾದಲ್ಲಿ ಹಿನ್ನೆಲೆಯಾಗಿ ಹಾದುಹೋದದ್ದು. ಎಷ್ಟೋ ವರ್ಷಗಳ ಮೇಲೆ ಅದು ತಾನಾಗಿ ಗಂಟಲಿಗೆ ಬರುತ್ತದೆ. ಮಾತು ಮರೆತಿದೆ, ಹಾಡಿದವರು ಮರೆತಿದ್ದಾರೆ, ಸ್ವರಗಳ ಏರಿಳಿತ ಮಾತ್ರ ಉಳಿದಿದೆ. ಇದು ಎಲ್ಲರ ಅನುಭವ. ಸಂಗೀತ ಬಲ್ಲವರ ಮುಂದೆ ಗುನುಗಿ ತೋರಿಸಿದರೆ ಅವರು ಒಂದು ಕ್ಷಣ ಕಣ್ಣುಮುಚ್ಚಿ, “ಇದು ಯಮನ್” ಎನ್ನುತ್ತಾರೆ, ಅಥವಾ “ಭೈರವಿಯ ಛಾಯೆ ಇದೆ” ಎನ್ನುತ್ತಾರೆ. ಕೇಳಿದವರಿಗೆ ಸಮಾಧಾನವಾಗುತ್ತದೆ. ಹುಡುಕಾಟ ಅಲ್ಲಿಗೆ ಮುಗಿಯುತ್ತದೆ.

ನಮ್ಮ ತಕರಾರು ಇರುವುದು ಹೀಗೆ ಮುಗಿದುಬಿಡುವ ಹುಡುಕಾಟದ ಬಗ್ಗೆಯೇ. ರಾಗದ ಹೆಸರು ಊರಿನ ಹೆಸರಿದ್ದಂತೆ. ಊರು ಗೊತ್ತಾದ ಮಾತ್ರಕ್ಕೆ ಮನೆ ಸಿಕ್ಕಿತೆಂದಲ್ಲ. ಮನೆ ಸಿಕ್ಕಿದರೂ ಅದನ್ನು ಕಟ್ಟಿದವರು ಯಾರೆಂದು ತಿಳಿದಂತಾಗಲಿಲ್ಲ. ಯಮನ್ ರಾಗದಲ್ಲಿ ಬಂದಿಶ್‌ಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದನ್ನು ಒಬ್ಬ ಮನುಷ್ಯ ಒಂದು ಕಾಲದಲ್ಲಿ, ಒಂದು ಊರಿನಲ್ಲಿ ಕೂತು ಕಟ್ಟಿದ್ದಾನೆ. ನಮ್ಮ ಗಂಟಲಿನಲ್ಲಿ ಉಳಿದಿರುವುದು ಅವನ ಕೈಕೆಲಸ. ಅವನ ಹೆಸರನ್ನು ಕೇಳದೆ ರಾಗದ ಹೆಸರಿಗೆ ತೃಪ್ತಿಪಡುವ ಅಭ್ಯಾಸ ನಮ್ಮ ಸಂಗೀತ ರಸಿಕತೆಯ ದೊಡ್ಡ ಕೊರತೆ ಎಂದು ನಮಗೆ ತೋರುತ್ತದೆ.

ನಿಘಂಟಿನಲ್ಲಿ ಸಿಗುವ ರಾಗ

ಯೂರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಈ ಸಮಸ್ಯೆಗೆ ಪುಸ್ತಕರೂಪದ ಪರಿಹಾರವನ್ನೇ ಹುಡುಕಿದರು. ಬಾರ್ಲೋ ಮತ್ತು ಮಾರ್ಗನ್‌ಸ್ಟರ್ನ್ ಎಂಬಿಬ್ಬರು 1948ರಲ್ಲಿ ಸಂಗೀತದ ಮಟ್ಟುಗಳ ನಿಘಂಟೊಂದನ್ನು ಹೊರತಂದರು. ವಾದ್ಯಸಂಗೀತದ ಸುಮಾರು ಹತ್ತು ಸಾವಿರ ಮಟ್ಟುಗಳು ಅದರಲ್ಲಿವೆ. ಅದರ ಹಿಂಬದಿಯ ಸೂಚಿಯಲ್ಲಿ ಎಲ್ಲ ಮಟ್ಟುಗಳನ್ನೂ ಒಂದೇ ಶ್ರುತಿಗೆ ತಂದು, ಅವುಗಳ ಆರಂಭದ ಕೆಲವು ಸ್ವರಾಕ್ಷರಗಳನ್ನು ಅಕಾರಾದಿಯಲ್ಲಿ ಜೋಡಿಸಿದ್ದಾರೆ. ನೆನಪಿನಲ್ಲಿರುವ ನಾಲ್ಕಾರು ಸ್ವರಗಳನ್ನು ಬರೆದುಕೊಂಡು ಪುಟ ತಿರುವಿದರೆ ಕೃತಿಯ ಹೆಸರು, ಕರ್ತೃವಿನ ಹೆಸರು ಎರಡೂ ಸಿಗುತ್ತವೆ.

ಆದರೆ ಸ್ವರಾಕ್ಷರ ಬಲ್ಲವರಿಗಷ್ಟೇ ಈ ಪುಸ್ತಕ ಉಪಯೋಗಿ. ಸಂಗೀತ ಕಲಿಯದವರಿಗಾಗಿ ಡೆನಿಸ್ ಪಾರ್ಸನ್ಸ್ ಎಂಬವರು 1975ರಲ್ಲಿ ಇನ್ನೂ ಸುಲಭದ ದಾರಿ ತೋರಿಸಿದರು. ಸ್ವರ ಯಾವುದೆಂದು ತಿಳಿಯುವುದೇ ಬೇಡ. ಪ್ರತಿ ಸ್ವರ ಹಿಂದಿನದಕ್ಕಿಂತ ಏರಿತೇ, ಇಳಿಯಿತೇ, ಅಲ್ಲೇ ನಿಂತಿತೇ ಎಂಬಷ್ಟನ್ನು ಗುರುತಿಸಿದರೆ ಸಾಕು. ಮೊಝಾರ್ಟ್ 1788ರಲ್ಲಿ ರಚಿಸಿದ 40ನೇ ಸಿಂಫನಿಯ ಆರಂಭವನ್ನು ಈ ಕ್ರಮದಲ್ಲಿ ಬರೆದರೆ, ಮೊದಲ ಸ್ವರದ ನಂತರ ಇಳಿಕೆ-ನಿಲುಗಡೆ-ಏರಿಕೆ, ಇಳಿಕೆ-ನಿಲುಗಡೆ-ಏರಿಕೆ, ಇಳಿಕೆ-ನಿಲುಗಡೆ-ಏರಿಕೆ ಎಂದಾಗುತ್ತದೆ. ಇಷ್ಟು ಒರಟಾದ ಗುರುತಿನಿಂದಲೂ ಸಾವಿರಾರು ಮಟ್ಟುಗಳ ನಡುವೆ ಬೇಕಾದುದನ್ನು ಹೆಕ್ಕಬಹುದೆಂದು ಪಾರ್ಸನ್ಸ್ ತೋರಿಸಿಕೊಟ್ಟರು.

ಆ ಮಟ್ಟು ನಮ್ಮವರಿಗೆ ಹೊಸದೇನಲ್ಲ. 1961ರ ‘ಛಾಯಾ’ ಚಿತ್ರದಲ್ಲಿ ತಲತ್ ಮೆಹಮೂದ್ ಮತ್ತು ಲತಾ ಮಂಗೇಶ್ಕರ್ ಹಾಡಿದ ಜನಪ್ರಿಯ ಯುಗಳ ಗೀತೆಗೆ ಸಲಿಲ್ ಚೌಧರಿಯವರು ಆಧಾರವಾಗಿ ಇಟ್ಟುಕೊಂಡದ್ದು ಇದೇ ಸಿಂಫನಿಯನ್ನು. ಇನ್ನೊಂದು ಉದಾಹರಣೆ ನಮಗೆ ಮತ್ತೂ ಹತ್ತಿರದ್ದು. ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ತಯಾರಾಗತೊಡಗಿದ ಟೈಟಾನ್ ಕೈಗಡಿಯಾರದ ಜಾಹೀರಾತು 1980ರ ದಶಕದ ಕೊನೆಯಿಂದ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಅದರ ಸಂಗೀತ ಮೊಝಾರ್ಟ್ ತನ್ನ 17ನೇ ವಯಸ್ಸಿನಲ್ಲಿ, 1773ರಲ್ಲಿ ರಚಿಸಿದ 25ನೇ ಸಿಂಫನಿಯ ಆರಂಭ. ಒಂದು ಇಡೀ ತಲೆಮಾರು ಅದನ್ನು ‘ಟೈಟಾನ್ ಮ್ಯೂಸಿಕ್’ ಎಂದೇ ಕರೆಯಿತು. ಮಟ್ಟು ಮನೆಮನೆಗೆ ಬಂತು, ಮಾಡಿದವನ ಹೆಸರು ಬಾಗಿಲ ಹೊರಗೇ ನಿಂತಿತು. ಆದರೂ ಮೊಝಾರ್ಟನ ವಿಷಯದಲ್ಲಿ ಕೊರಗಬೇಕಾದ್ದಿಲ್ಲ. ಕುತೂಹಲ ಇದ್ದವರಿಗೆ ನಿಘಂಟು ಇದೆ, ಕೃತಿಗೆ ಕ್ರಮಸಂಖ್ಯೆ ಇದೆ, ಇಸವಿ ಇದೆ. ಬರವಣಿಗೆಯ ಆಧಾರವಿರುವ ಸಂಗೀತದಲ್ಲಿ ಹೆಸರು ಮರೆತರೂ ಕಳೆದುಹೋಗುವುದಿಲ್ಲ.

ಏರಿಳಿತ ಸಾಲದ ಕಡೆ

ಇದೇ ಉಪಾಯವನ್ನು ಹಿಂದೂಸ್ತಾನಿ ಸಂಗೀತಕ್ಕೆ ಅನ್ವಯಿಸಿದರೆ ಏನಾಗುತ್ತದೆ? ಮೊದಲ ತೊಡಕು ‘ಸಾ’ ಎಲ್ಲಿದೆ ಎಂಬುದು. ತಂಬೂರಿಯ ಆಸರೆಯಿಲ್ಲದೆ ಗುನುಗಿದ ಮಟ್ಟಿನಲ್ಲಿ ಷಡ್ಜ ಯಾವುದೆಂದು ಕೇಳುವವರಿಗೆ ಖಚಿತವಾಗುವುದಿಲ್ಲ. ಭೂಪಾಲಿಯ ಐದು ಸ್ವರಗಳನ್ನೇ ತೆಗೆದುಕೊಳ್ಳಿ: ಸ, ರೆ, ಗ, ಪ, ಧ. ಇವೇ ಸ್ವರಗಳಲ್ಲಿ ಗಾಂಧಾರವನ್ನು ಷಡ್ಜವೆಂದು ಭಾವಿಸಿ ಕೇಳಿದರೆ ಅದು ಮಾಲ್ಕೌಂಸದ ಸ್ವರಪಂಕ್ತಿ; ಪಂಚಮವನ್ನು ಷಡ್ಜವೆಂದುಕೊಂಡರೆ ದುರ್ಗಾ. ಅಂದರೆ ಮಟ್ಟು ಎಷ್ಟೇ ಸರಿಯಾಗಿ ನೆನಪಿದ್ದರೂ ಅದು ಯಾವ ನೆಲದ ಮೇಲೆ ನಿಂತಿತ್ತು ಎಂಬುದು ಮರೆತಿದ್ದರೆ ಗುರುತು ತಪ್ಪುತ್ತದೆ. ತಂಬೂರಿ ಹಿನ್ನೆಲೆಯ ಅಲಂಕಾರವಲ್ಲ. ವಿಳಾಸದಲ್ಲಿ ಊರಿನ ಹೆಸರಿಗಿರುವ ಸ್ಥಾನ ಅದರದು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಷಡ್ಜ ಸಿಕ್ಕಿತೆನ್ನಿ. ಭೂಪಾಲಿ ಮತ್ತು ದೇಶ್‌ಕಾರ್ ಎರಡಕ್ಕೂ ಅವೇ ಐದು ಸ್ವರಗಳು. ಕರ್ನಾಟಕ ಸಂಗೀತದವರು ಅವನ್ನೇ ಮೋಹನ ಎನ್ನುತ್ತಾರೆ. ಭೂಪಾಲಿ ಗಾಂಧಾರದಲ್ಲಿ ನೆಲೆ ನಿಲ್ಲುತ್ತದೆ, ಅದು ಸಂಜೆಯ ರಾಗ. ದೇಶ್‌ಕಾರ್ ಧೈವತಕ್ಕೆ ಒಲಿದದ್ದು, ಅದು ಬೆಳಗಿನದು. ಮಾರ್ವಾ, ಪೂರಿಯಾ, ಸೋಹನಿ ಈ ಮೂರಕ್ಕೂ ಒಂದೇ ಆರು ಸ್ವರಗಳು. ಒಂದು ರಿಷಭ-ಧೈವತಗಳ ಅಸಮಾಧಾನದಲ್ಲಿ ತೂಗುತ್ತದೆ, ಇನ್ನೊಂದು ಮಂದ್ರಕ್ಕೆ ಇಳಿದು ಗಂಭೀರವಾಗುತ್ತದೆ, ಮತ್ತೊಂದು ತಾರದ ಕಡೆಗೆ ಜಿಗಿಯುತ್ತದೆ. ಸ್ವರಗಳ ಪಟ್ಟಿಯಿಂದ ಇವನ್ನು ಬೇರ್ಪಡಿಸಲಾಗದು, ಏರಿತೇ ಇಳಿಯಿತೇ ಎಂಬ ಲೆಕ್ಕವೂ ಒಂದು ಮಿತಿಯ ಆಚೆ ನೆರವಾಗದು. ಸ್ವರ ಎಲ್ಲಿ ತಂಗಿತು, ಎಷ್ಟು ಹೊತ್ತು ತಂಗಿತು, ಎಲ್ಲಿಂದ ಜಾರಿ ಬಂತು ಎಂಬುದರಲ್ಲಿ ರಾಗದ ಗುರುತಿದೆ.

ಮೂರನೆಯದು ಹಾಡಿಕೆಯ ಸ್ವಭಾವ. ಖಯಾಲ್‌ನಲ್ಲಿ ಬಂದಿಶ್ ಎಂಬುದು ಎರಡು ಸಣ್ಣ ಭಾಗಗಳ ರಚನೆ: ಸ್ಥಾಯಿ ಮತ್ತು ಅಂತರಾ. ಹಾಡುಗಾರರು ಅದರ ಸುತ್ತ ಅರ್ಧ ಗಂಟೆಯ, ಒಂದು ಗಂಟೆಯ ವಿಸ್ತಾರ ಕಟ್ಟುತ್ತಾರೆ. ಆ ವಿಸ್ತಾರ ಒಂದು ದಿನದಂತೆ ಇನ್ನೊಂದು ದಿನ ಇರುವುದಿಲ್ಲ. ನಮ್ಮ ನೆನಪಿನಲ್ಲಿ ಉಳಿದ ಮಟ್ಟು ಬಂದಿಶ್‌ನದ್ದೇ, ಆ ದಿನದ ಆಲಾಪದ ತುಣುಕೇ ಎಂದು ಹೇಳುವುದು ಕಷ್ಟ. ಆಲಾಪದ್ದಾದರೆ ಅದನ್ನು ಯಾವ ಪುಸ್ತಕದಲ್ಲೂ ಹುಡುಕಲಾಗದು.

ಪಂಡಿತ್ ಭಾತಖಂಡೆಯವರು (1860-1936) ಊರೂರು ಅಲೆದು, ರಾಂಪುರ, ಜೈಪುರ ಮುಂತಾದ ಕಡೆಯ ಉಸ್ತಾದರ ಮನೆಗಳಲ್ಲಿದ್ದ ಬಂದಿಶ್‌ಗಳನ್ನು ಬರೆದುಕೊಂಡು ಆರು ಸಂಪುಟಗಳ ‘ಕ್ರಮಿಕ ಪುಸ್ತಕ ಮಾಲಿಕಾ’ದಲ್ಲಿ ಸ್ವರಲಿಪಿಯೊಡನೆ ಅಚ್ಚು ಹಾಕಿಸಿದರು. ಬಂದಿಶ್ ಹುಡುಕುವವರಿಗೆ ಇಂದಿಗೂ ಇದು ದೊಡ್ಡ ಆಸರೆ. ಆದರೆ ಆ ಸಂಪುಟಗಳು ರಾಗದ ಪ್ರಕಾರ ಜೋಡಣೆಗೊಂಡಿವೆ. ಊರು ಗೊತ್ತಿದ್ದವರಿಗಷ್ಟೇ ಅಲ್ಲಿ ಮನೆ ಸಿಗುತ್ತದೆ.

ಈಗ ಯಂತ್ರಗಳೂ ಬಂದಿವೆ. ಶಝಾಮ್‌ನಂತಹ ತಂತ್ರಾಂಶ ಮೊಳಗುತ್ತಿರುವ ಧ್ವನಿಮುದ್ರಿಕೆಯ ಬೆರಳಚ್ಚನ್ನು ತನ್ನ ಉಗ್ರಾಣದಲ್ಲಿರುವುದರೊಂದಿಗೆ ತಾಳೆ ನೋಡುತ್ತದೆ. ಅದಕ್ಕೆ ಅದೇ ಮುದ್ರಿಕೆ ಬೇಕು, ನಮ್ಮ ಗುನುಗು ಸಾಲದು. ಗೂಗಲ್ 2020ರಲ್ಲಿ ಗುನುಗಿದರೂ ಹಾಡು ಹುಡುಕಿಕೊಡುವ ಸೌಲಭ್ಯ ತಂದಿತು. ಸಿನಿಮಾ ಹಾಡುಗಳಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಪ್ರತಿ ಬಾರಿ ಬೇರೆಯಾಗಿ ಹಾಡುವ ಖಯಾಲ್‌ನ ಮುಂದೆ ಅದರ ಕೆಲಸ ಕಠಿಣ. ಯಂತ್ರವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅದು ಇನ್ನಷ್ಟು ಜಾಣತನ ಕಲಿಯಬಹುದು. ಆದರೆ ಕಲಿತ ಮೇಲೆ ಏನು ಹೇಳುತ್ತದೆ? ತಟ್ಟೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಏನಿತ್ತೋ ಅದನ್ನೇ: ಹಾಡಿದವರು ಇಂಥವರು, ರಾಗ ಇಂಥದ್ದು. ಚೀಟಿಯಲ್ಲಿ ಬರೆಯದೆ ಬಿಟ್ಟ ಹೆಸರನ್ನು ಯಂತ್ರ ಎಲ್ಲಿಂದ ತರಬೇಕು?

ಹೆಸರು ಇರುವುದು ಕೊನೆಯಲ್ಲಿ

ಹಾಗಾದರೆ ಹೆಸರು ಎಲ್ಲಿದೆ? ಕನ್ನಡದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಚನದ ಕೊನೆಯಲ್ಲಿ ಅಂಕಿತವಿದೆ. ದಾಸರ ಪದದ ಕೊನೆಯ ಚರಣದಲ್ಲಿ ವಿಠಲನ ಹೆಸರಿನೊಡನೆ ದಾಸರ ಹೆಸರಿದೆ. ಸಂತ ಶಿಶುನಾಳ ಶರೀಫರ (1819-1889) ಪದದ ಕೊನೆಯಲ್ಲಿ ಶಿಶುನಾಳಧೀಶ ಇದ್ದಾನೆ. ಉರ್ದು ಬಲ್ಲವರಿಗೆ ಗಝಲ್‌ನ ಕೊನೆಯ ದ್ವಿಪದಿ ಮಕ್ತಾ ಎಂಬುದು ಗೊತ್ತು. ಕವಿ ತನ್ನ ತಖಲ್ಲುಸ್ ಅನ್ನು ಅಲ್ಲಿಡುತ್ತಾನೆ. ಮುಶಾಯಿರಾದಲ್ಲಿ ಎದ್ದು ಹೋಗುವ ಆತುರದಲ್ಲಿರುವ ಕೇಳುಗನೂ ಮಕ್ತಾದವರೆಗೆ ಕೂರುತ್ತಾನೆ. ಖಯಾಲ್‌ನ ಬಂದಿಶ್‌ನಲ್ಲೂ ಹೀಗೆಯೇ. ರಚನಕಾರನ ಮುದ್ರೆ ಸಾಮಾನ್ಯವಾಗಿ ಬರುವುದು ಅಂತರಾದಲ್ಲಿ.

ಮೊಗಲ್ ದೊರೆ ಮುಹಮ್ಮದ್ ಶಾನ ಕಾಲದಲ್ಲಿ (1719-1748) ದಿಲ್ಲಿಯ ದರ್ಬಾರಿನಲ್ಲಿದ್ದ ನಿಅಮತ್ ಖಾನ್ ‘ಸದಾರಂಗ್’ ಎಂಬ ಮುದ್ರೆಯಲ್ಲಿ ಬಂದಿಶ್ ಕಟ್ಟಿದರು. ಫಿರೋಜ್ ಖಾನರ ಮುದ್ರೆ ‘ಅದಾರಂಗ್’. ಆಗ್ರಾ ಘರಾನೆಯ ಉಸ್ತಾದ್ ಫೈಯಾಜ್ ಖಾನ್ ‘ಪ್ರೇಮ್ ಪಿಯಾ’, ಅದೇ ಘರಾನೆಯ ವಿಲಾಯತ್ ಹುಸೇನ್ ಖಾನ್ ‘ಪ್ರಾಣ್ ಪಿಯಾ’, ಬಡೇ ಗುಲಾಮ್ ಅಲಿ ಖಾನ್ ‘ಸಬ್‌ರಂಗ್’. ಈ ಮುದ್ರೆಗಳ ಮಾತನ್ನು ಗಮನಿಸಿ. ಅವು ಹಾಡಿನ ಬ್ರಜ್ ಭಾಷೆಗೆ ಎಷ್ಟು ಸಹಜವಾಗಿ ಹೊಂದಿಕೊಳ್ಳುತ್ತವೆಂದರೆ ಕೇಳಿದವರಿಗೆ ಅದೊಂದು ಹೆಸರು ಎಂದೇ ಹೊಳೆಯುವುದಿಲ್ಲ. ಪ್ರೇಮದ ಪಿಯಾ ಎಂದರೆ ಕೃಷ್ಣನೇ ಇರಬೇಕೆಂದು ಭಾವಿಸಿ ಮುಂದೆ ಹೋಗುತ್ತಾರೆ. ಸಹಿ ಹಾಕಿಯೂ ಹಾಕದಂತೆ ಇರುವ ವಿನಯ ಇದು. ಆದರೆ ಆ ವಿನಯವೇ ಕೇಳುಗರ ಅಲಕ್ಷ್ಯಕ್ಕೆ ಅನುಕೂಲವೂ ಆಯಿತು.

ಅರ್ಧ ನೆನಪು ಎಂಬ ಮಾತಿನ ನಿಜವಾದ ಅರ್ಥ ಇಲ್ಲಿ ತಿಳಿಯುತ್ತದೆ. ನಮಗೆ ನೆನಪಿರುವ ಅರ್ಧ ಯಾವುದು? ಸ್ಥಾಯಿ. ಹಾಡುಗಾರರು ಮತ್ತೆ ಮತ್ತೆ ಮರಳಿ ಬಂದು ಸಮ್‌ಗೆ ಕೂಡಿಸುವ ಮೊದಲ ಸಾಲು. ನೂರು ಸಲ ಕಿವಿಗೆ ಬಿದ್ದದ್ದು ಅದು. ಅಂತರಾ ಬರುವುದು ಒಂದೆರಡು ಸಲ. ವಿಲಂಬಿತ ಖಯಾಲ್‌ನಲ್ಲಿ ಎಷ್ಟೋ ಗಾಯಕರು ಅದನ್ನು ಬಿಟ್ಟೇ ಬಿಡುತ್ತಾರೆ. ಸ್ಥಾಯಿಯ ವಿಸ್ತಾರದಲ್ಲೇ ರಾಗದ ಸ್ವರೂಪ ಮೂಡಿತೆಂದ ಮೇಲೆ ಅಂತರಾ ಯಾಕೆ ಎಂಬುದು ಅವರ ವಾದ. ಸಂಗೀತದ ದೃಷ್ಟಿಯಿಂದ ಆ ವಾದದಲ್ಲಿ ಹುರುಳಿದೆ. ಆದರೆ ಅಂತರಾ ಬಿಟ್ಟಾಗ ಬಿಟ್ಟುಹೋಗುವುದು ಕೆಲವು ಸ್ವರಗಳಷ್ಟೇ ಅಲ್ಲ, ಕಟ್ಟಿದವನ ಹೆಸರೂ ಹೋಗುತ್ತದೆ.

ಹಳೆಯ ಗ್ರಾಮೊಫೋನ್ ತಟ್ಟೆಗಳಿಗೂ ಇದೇ ಕತೆ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡರು. ಸುಮಾರು ಮೂರು ನಿಮಿಷಗಳ ಆ ತಟ್ಟೆಗಳ ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂಬುದಕ್ಕಾಗಿ ಈ ಏರ್ಪಾಡು. ಕೂಗಿ ಹೇಳಿದ್ದರಿಂದ ಹೆಸರು ಉಳಿಯಿತು. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನಲ್ಲಿ. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಭಾರತದ ಧ್ವನಿಮುದ್ರಣದ ಮೊದಲ ದೊಡ್ಡ ಹೆಸರು ನಮ್ಮ ನೆಲದಲ್ಲಿ ಮಣ್ಣಾಗಿದೆ. ಈ ಸಂಗತಿ ಮೈಸೂರಿನವರಲ್ಲೇ ಎಷ್ಟು ಜನರಿಗೆ ಗೊತ್ತು?

ಒಂದು ಠುಮ್ರಿಯ ಜಾಡು ಹಿಡಿದು

ಮಟ್ಟಿನ ಜಾಡು ಹಿಡಿದು ಹೊರಟರೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಕನ್ನಡನಾಡಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಗದಗಿನ ಬಾಲಕನೊಬ್ಬ ಅಂಗಡಿಯ ಗ್ರಾಮೊಫೋನಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮ್ರಿಯನ್ನು ಕೇಳಿದ. ‘ಪಿಯಾ ಬಿನ್’ ಎಂದು ಆರಂಭವಾಗುವ ಠುಮ್ರಿ ಅದು. ಹಾಗೆ ಹಾಡುವುದನ್ನು ಕಲಿಯಬೇಕೆಂಬ ಹಂಬಲದಲ್ಲಿ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಮನೆಬಿಟ್ಟು ಹೊರಟ. ಗ್ವಾಲಿಯರ್ ಸುತ್ತಿದ, ಜಲಂಧರ್ ಮುಟ್ಟಿದ. ಕೊನೆಗೆ 1936ರಲ್ಲಿ ಗುರು ಸಿಕ್ಕಿದ್ದು ತನ್ನೂರಿಗೆ ಹತ್ತಿರದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು. ಹುಡುಗ ಭೀಮಸೇನ ಜೋಶಿ.

ಈ ಕತೆಯನ್ನು ಸಾಮಾನ್ಯವಾಗಿ ಬಾಲಕನ ಹಟದ ಕತೆಯಾಗಿ ಹೇಳುತ್ತೇವೆ. ನಮಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಆ ಬಾಲಕನಿಗೆ ರಾಗದ ಹೆಸರು ತಿಳಿದುಕೊಂಡು ಸುಮ್ಮನಿರುವುದು ಸಾಧ್ಯವಿತ್ತು. ಝಿಂಝೋಟಿಯನ್ನು ಗುರುತಿಸುವುದು ಅಂಥ ಕಷ್ಟವೇನಲ್ಲ. ಖಮಾಜ್ ಥಾಟ್‌ನ ಈ ರಾಗ ಮಂದ್ರದ ಧೈವತದಿಂದ ಎದ್ದು ಧ-ಸ-ರೆ-ಮ-ಗ ಎಂದು ಮೇಲೆ ಬಂದು, ಮತ್ತೆ ಮಂದ್ರದ ನಿ-ಧ-ಪಕ್ಕೆ ಇಳಿಯುತ್ತದೆ. ಒಮ್ಮೆ ಕಿವಿಗೆ ಕೂತರೆ ಎಲ್ಲಿ ಕೇಳಿದರೂ ಹಿಡಿಯಬಹುದು. 1963ರ ‘ಮೇರೆ ಮೆಹಬೂಬ್’ ಚಿತ್ರದ ಶೀರ್ಷಿಕೆ ಗೀತೆಯಲ್ಲಿ ನೌಷಾದ್ ಅದನ್ನು ದೇಶಕ್ಕೇ ಕೇಳಿಸಿದ್ದಾರೆ. ‘ಪಿಯಾ ಬಿನ್’ ಅನ್ನು 1935ರ ‘ದೇವದಾಸ್’ ಚಿತ್ರದಲ್ಲಿ ಕೆ.ಎಲ್. ಸೈಗಲ್ ಕೂಡ ಹಾಡಿದರು. ರಾಗ ಒಂದು, ದಾರಿ ಹಲವು. ಬಾಲಕ ಭೀಮಸೇನ ಹುಡುಕಿದ್ದು ರಾಗವನ್ನಲ್ಲ, ಆ ರಾಗ ಆ ರೀತಿಯಲ್ಲಿ ಹೊರಬಂದ ಮನೆಯನ್ನು. ಆದ್ದರಿಂದಲೇ ಅವನಿಗೆ ಸಿಕ್ಕಿದ್ದು ಒಂದು ಪರಂಪರೆ.

ಆ ಮನೆಯ ಯಜಮಾನ ಅಬ್ದುಲ್ ಕರೀಂ ಖಾನರು (1872-1937) ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿ ಮಿರಜಿನಲ್ಲಿ ನೆಲೆ ನಿಂತವರು. ಮೈಸೂರು ದರ್ಬಾರಿಗೆ ಹೋಗಿಬರುತ್ತಿದ್ದವರು. ದಕ್ಷಿಣದ ಸಂಗೀತಕ್ಕೆ ಎಷ್ಟು ಕಿವಿಗೊಟ್ಟರೆಂದರೆ ತ್ಯಾಗರಾಜರ ಕೃತಿಯೊಂದನ್ನು ಕಲಿತು ಧ್ವನಿಮುದ್ರಿಸಿದ್ದಾರೆ. 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ರೈಲಿನಲ್ಲಿ ಅಸ್ವಸ್ಥರಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಅಲ್ಲೇ ಕೊನೆಯುಸಿರೆಳೆದರು. ಮಿರಜಿನ ಖ್ವಾಜಾ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಅವರ ಮಝಾರ್ ಇದೆ. ಉರೂಸಿನ ವೇಳೆ ಅವರ ನೆನಪಿನಲ್ಲಿ ಸಂಗೀತ ಸಭೆ ನಡೆಯುತ್ತದೆ. ಸವಾಯಿ ಗಂಧರ್ವರ ಮೂಲಕ ಅವರ ಗಾಯನ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಬಂತು. ಧಾರವಾಡ ಸೀಮೆಯ ಸಂಗೀತವೆಂದು ನಾವು ಹೆಮ್ಮೆಪಡುವುದರಲ್ಲಿ ಅರ್ಧಕ್ಕೆ ಇಲ್ಲಿ ಮೂಲವಿದೆ. ಇನ್ನರ್ಧದ ಕಡೆ ನೋಡಿದರೆ ಮಲ್ಲಿಕಾರ್ಜುನ ಮನಸೂರರಿಗೆ ಕಲಿಸಿದ ಮಂಜಿ ಖಾನ್, ಬುರ್ಜಿ ಖಾನ್ ಇದ್ದಾರೆ. ಅವರು ಅಲ್ಲಾದಿಯಾ ಖಾನರ ಮಕ್ಕಳು. ಧಾರವಾಡಕ್ಕೆ ಸಿತಾರ್ ತಂದ ರಹಿಮತ್ ಖಾನರಿದ್ದಾರೆ.

ಎರಡು ಕಡೆಯ ಮೌನ

ಈ ಹೆಸರುಗಳು ಅಜ್ಞಾತವೇನಲ್ಲ ಎಂದು ಕೆಲವರು ಹೇಳಬಹುದು. ನಿಜ, ಗಾಯಕರ ಹೆಸರುಗಳು ಅಜ್ಞಾತವಲ್ಲ. ಆದರೆ ನಮ್ಮ ಸಭೆಗಳ ನಿರೂಪಣೆಯನ್ನು ಒಮ್ಮೆ ಗಮನಿಸಿ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ರಾಗ, ತಾಳದ ಜೊತೆ “ರಚನೆ ತ್ಯಾಗರಾಜರು”, “ರಚನೆ ಪುರಂದರದಾಸರು” ಎಂದು ಹೇಳುವುದು ವಾಡಿಕೆ. ಹಿಂದೂಸ್ತಾನಿ ಕಛೇರಿಯಲ್ಲಿ ರಾಗ ಹೇಳುತ್ತಾರೆ, ವಿಲಂಬಿತ ಏಕತಾಲ, ದ್ರುತ್ ತೀನ್‌ತಾಲ ಎನ್ನುತ್ತಾರೆ. ತಬಲಾ, ಹಾರ್ಮೋನಿಯಂ ಸಾಥಿಯ ಹೆಸರೂ ಬರುತ್ತದೆ. ಚೀಜ್ ಯಾರದು? “ಸಾಂಪ್ರದಾಯಿಕ ಬಂದಿಶ್” ಎಂದರೆ ಮುಗಿಯಿತು. ಸಂಪ್ರದಾಯ ಕೂತು ಬಂದಿಶ್ ಕಟ್ಟುವುದಿಲ್ಲ, ಮನುಷ್ಯರು ಕಟ್ಟುತ್ತಾರೆ. ಸದಾರಂಗ್ ಎಂಬ ಸಹಿ ಇರುವ ರಚನೆಯನ್ನೂ ಹೆಸರಿಲ್ಲದ ಸಂಪ್ರದಾಯದ ಖಾತೆಗೆ ಬರೆಯುವುದು ಸೌಜನ್ಯವಲ್ಲ.

ಇದರ ಬೆಲೆ ಎಷ್ಟೆಂಬುದು ಶಾಂತಿಯ ದಿನಗಳಲ್ಲಿ ತಿಳಿಯುವುದಿಲ್ಲ. ಮೈಸೂರು ದರ್ಬಾರು ‘ಆಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತದ ಸೂರ್ಯ ಎಂದು ಗೌರವಿಸಿದ ಫೈಯಾಜ್ ಖಾನರು ವಡೋದರಾದಲ್ಲಿ ಬಾಳಿ, 1950ರಲ್ಲಿ ಅಲ್ಲೇ ಮಣ್ಣಾದರು. 2002ರ ಗುಜರಾತ್ ಹಿಂಸಾಚಾರದ ದಿನಗಳಲ್ಲಿ ಅವರ ಸಮಾಧಿಗೆ ಹಾನಿ ಮಾಡಲಾಯಿತು. ದಾಳಿ ಮಾಡಿದವರಿಗೆ ‘ಪ್ರೇಮ್ ಪಿಯಾ’ ಯಾರೆಂದು ತಿಳಿದಿದ್ದರೆ ಕೈ ತಡೆಯುತ್ತಿತ್ತೇ? ದ್ವೇಷಕ್ಕೆ ಸಂಗೀತ ಮದ್ದು ಎಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೆ ಒಂದಂತೂ ನಿಜ. ಬಂದಿಶ್ ನಮ್ಮದು, ಬಂದಿಶ್ ಕಟ್ಟಿದವನು ಹೊರಗಿನವನು ಎಂದು ಬೇರ್ಪಡಿಸುವ ಕೆಲಸ ಕಲ್ಲು ಎತ್ತುವುದಕ್ಕೆ ಬಹಳ ಮೊದಲೇ, ಹೆಸರು ಹೇಳದೆ ಬಿಡುವಲ್ಲಿ ಆರಂಭವಾಗಿರುತ್ತದೆ.

ಮೌನ ಒಂದು ಕಡೆಯದಷ್ಟೇ ಅಲ್ಲ. ಮುಸ್ಲಿಂ ಸಮುದಾಯದ ಒಳಗೂ ಈ ಉಸ್ತಾದರ ಬಗ್ಗೆ ಒಂದು ಬಗೆಯ ಮುಜುಗರವಿದೆ. ಸಂಗೀತದ ವಿಧಿ-ನಿಷೇಧಗಳ ಬಗ್ಗೆ ವಿದ್ವಾಂಸರಲ್ಲಿ ಶತಮಾನಗಳಿಂದ ಭಿನ್ನಾಭಿಪ್ರಾಯವಿದೆ. ಇಮಾಮ್ ಗಝ್ಝಾಲಿ(ರ)ಯವರು ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಸಮಾ ಕುರಿತು ಒಂದು ಅಧ್ಯಾಯವನ್ನೇ ಮೀಸಲಿಟ್ಟು ಚರ್ಚಿಸಿದ್ದಾರೆ. ಆ ಚರ್ಚೆಯನ್ನು ಇಲ್ಲಿ ಇತ್ಯರ್ಥಪಡಿಸುವುದು ನಮ್ಮ ಉದ್ದೇಶವಲ್ಲ, ಅದಕ್ಕೆ ಅರ್ಹರಾದವರು ಬೇರೆ ಇದ್ದಾರೆ. ಆದರೆ ಸಂಗೀತ ಕೇಳಬೇಕೇ ಬೇಡವೇ ಎಂಬ ಪ್ರಶ್ನೆ ಬೇರೆ, ನಮ್ಮ ಹಿರಿಯರು ಏನು ಮಾಡಿದರು ಎಂಬ ಚರಿತ್ರೆ ಬೇರೆ. ಮೊದಲನೆಯದಕ್ಕೆ ಬೇಡ ಎಂದವರೂ ಎರಡನೆಯದನ್ನು ಅಳಿಸಬೇಕಾಗಿಲ್ಲ. ಶರೀಫರ ಪದಗಳನ್ನು ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಪಕ್ಕದ ಮಿರಜಿನಲ್ಲಿ ಮಲಗಿರುವ ಅಬ್ದುಲ್ ಕರೀಂ ಖಾನರ ಹೆಸರು ಹೊಸದಾಗಿ ಕೇಳಿಸುತ್ತದೆ ಎಂದರೆ, ದೂರನ್ನು ಬೇರೆಯವರ ಮೇಲೆ ಮಾತ್ರ ಹೇರಿ ಸುಮ್ಮನಾಗುವಂತಿಲ್ಲ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಅಗತ್ಯ. ಅಂತರಾದಲ್ಲಿ ಮುದ್ರೆ ಇದ್ದ ಮಾತ್ರಕ್ಕೆ ಕರ್ತೃತ್ವ ಸಾಬೀತಾದಂತಲ್ಲ. ಸದಾರಂಗ್ ಹೆಸರಿನ ಎಲ್ಲ ಬಂದಿಶ್‌ಗಳೂ ನಿಅಮತ್ ಖಾನರವೇ ಎನ್ನಲಾಗದು. ಗೌರವದಿಂದಲೋ ಮನ್ನಣೆಯ ಆಸೆಯಿಂದಲೋ ಮುಂದಿನವರು ದೊಡ್ಡ ಹೆಸರನ್ನು ತಮ್ಮ ರಚನೆಗೆ ಜೋಡಿಸಿರುವ ಸಾಧ್ಯತೆ ಇದೆ. ವಚನಗಳ, ದಾಸರ ಪದಗಳ ಪಾಠ ಪರಿಷ್ಕರಣೆ ಮಾಡಿದ ಕನ್ನಡ ವಿದ್ವಾಂಸರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಅಲ್ಲಿ ಪ್ರಕ್ಷಿಪ್ತವನ್ನು ಬೇರ್ಪಡಿಸಲು ಪಟ್ಟ ಶ್ರಮದ ಒಂದಂಶವನ್ನಾದರೂ ಬಂದಿಶ್‌ಗಳ ವಿಷಯದಲ್ಲಿ ಪಡಬೇಕು. ಮುದ್ರೆ ತೀರ್ಪಲ್ಲ, ತನಿಖೆಯ ಆರಂಭ.

ಎರಡನೆಯದು, ಈ ಹುಡುಕಾಟ ಧರ್ಮದ ತಲೆಲೆಕ್ಕವಾಗಬಾರದು. ಇಂಥ ರಾಗ ನಮ್ಮವರದು, ಇಂಥ ಬಂದಿಶ್ ನಿಮ್ಮವರದು ಎಂದು ಪಾಲು ಹಂಚಿಕೊಳ್ಳಲು ಹೊರಟರೆ ಮೊದಲು ನಗುವವರು ಆ ಉಸ್ತಾದರೇ. ಅವರು ಹೋಳಿಯನ್ನು, ಬ್ರಜದ ಕೃಷ್ಣನನ್ನು, ಯಮುನೆಯ ದಂಡೆಯನ್ನು ಹಾಡಿದರು, ಐದು ಹೊತ್ತು ನಮಾಝನ್ನೂ ಮಾಡಿದರು. ತಮ್ಮ ವಿದ್ಯೆಯನ್ನು ಕುಂದಗೋಳದ ಬ್ರಾಹ್ಮಣ ಹುಡುಗನಿಗೂ ಮನಸೂರಿನ ಲಿಂಗಾಯತ ಹುಡುಗನಿಗೂ ಧಾರೆಯೆರೆದರು. ಆ ಶಿಷ್ಯರೂ ಋಣ ಮರೆಯಲಿಲ್ಲ. ಮನಸೂರರ ಆತ್ಮಕತೆ ‘ನನ್ನ ರಸಯಾತ್ರೆ’ಯಲ್ಲಿ ಗುರುಗಳ ಬಗ್ಗೆ ಇರುವ ಭಕ್ತಿಯನ್ನು ಓದಿದವರು ಬಲ್ಲರು. ಗುರುವಿನ ಹೆಸರು ಹೇಳುವಾಗ ಕಿವಿಯ ಹಾಲೆ ಮುಟ್ಟಿಕೊಳ್ಳುವ ಪದ್ಧತಿ ಗಾಯಕರಲ್ಲಿ ಇವತ್ತಿಗೂ ಇದೆ. ಹಾಡುವವರು ನೆನೆದರು, ಮರೆತವರು ಕೇಳುಗರು ಮತ್ತು ಏರ್ಪಾಟು ಮಾಡುವವರು.

ಆದ್ದರಿಂದ ಅರ್ಧ ನೆನಪಿನ ಮಟ್ಟು ಗಂಟಲಿಗೆ ಬಂದಾಗ ರಾಗ ಯಾವುದು ಎಂದು ಕೇಳಿ ನಿಲ್ಲುವುದು ಬೇಡ. ಮೊದಲು ಒಂದು ಷಡ್ಜ ಹಿಡಿದುಕೊಂಡು ಗುನುಗೋಣ. ಮೊಬೈಲಿನಲ್ಲೂ ಈಗ ತಂಬೂರಿ ಸಿಗುತ್ತದೆ. ಮಟ್ಟು ಎಲ್ಲಿ ತಂಗುತ್ತದೆ ಎಂಬುದನ್ನು ಗಮನಿಸೋಣ, ರಾಗ ತಾನಾಗಿ ಹತ್ತಿರ ಬರುತ್ತದೆ. ಆಮೇಲೆ ಮ್ಯೂಸಿಕ್ ಮೇಷ್ಟ್ರ ಬಳಿ ಹೋಗಿ, ಈ ರಾಗದ ಯಾವ ಚೀಜ್ ಹೀಗೆ ಆರಂಭವಾಗುತ್ತದೆ, ಅದರ ಅಂತರಾ ಏನು ಎಂದು ಕೇಳೋಣ. ಕಲಿಸುವವರು ಅಂತರಾವನ್ನು ಬಿಡದೆ ಕಲಿಸಲಿ, ಅದರಲ್ಲಿರುವ ಮುದ್ರೆ ಯಾರದೆಂದು ಮಕ್ಕಳಿಗೆ ಹೇಳಲಿ. ಕಛೇರಿ ಏರ್ಪಡಿಸುವ ಸಂಸ್ಥೆಗಳು ಕಾರ್ಯಕ್ರಮ ಪತ್ರಿಕೆಯಲ್ಲಿ, ಆಕಾಶವಾಣಿಯ ನಿರೂಪಕರು ಪ್ರಕಟಣೆಯಲ್ಲಿ, ರಾಗ ಮತ್ತು ತಾಳದ ಜೊತೆ ತಿಳಿದಷ್ಟು ಮಟ್ಟಿಗೆ ರಚನಕಾರರ ಹೆಸರನ್ನೂ ಸೇರಿಸಲಿ. ಇದಕ್ಕೆ ಹಣ ಬೇಕಿಲ್ಲ, ಅನುದಾನ ಬೇಕಿಲ್ಲ. ಒಂದು ಸಾಲು ಜಾಸ್ತಿಯಾಗುತ್ತದೆ ಅಷ್ಟೆ. ಸ್ಥಾಯಿಯಷ್ಟೇ ಕೇಳಿ ಎದ್ದುಹೋಗುತ್ತಿದ್ದವರು ಆ ಸಾಲಿಗಾಗಿ ಇನ್ನೆರಡು ನಿಮಿಷ ಕೂತರೆ, ಇನ್ನೂರೈವತ್ತು ವರ್ಷಗಳಿಗೂ ಹಿಂದಿನ ನಿಅಮತ್ ಖಾನರಿಗೆ ಸಲ್ಲಬೇಕಾದ್ದು ತಡವಾಗಿಯಾದರೂ ಸಂದಂತಾಗುತ್ತದೆ.